ಬಲಗಾಲಿಗೆ ಕಟ್ಟಿದ ತೂಕ

ಸೊಂಟನೋವಿನ ನಾಟಕ ಆಡುತ್ತಿದ್ದಾಳೆಂದು ಹೇಳಿ ಕಂಪನಿಯವರು ಸೆರೈನಾಳನ್ನು ಕೆಲಸದಿಂದ ತೆಗೆದರು. ಬರ್ನ್ ಊರಿನ ಅರ್ಧ ಬಚ್ಚಲುಮನೆಗಳಿಗೆ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಿದವಳು ಅವಳು. ಕಂಪನಿಯ ಡಾಕ್ಟರು ಇಡೀ ಸೊಂಟವನ್ನು ಒಂದೇ ಏಟಿಗೆ ಎಂಆರ್‌ಐ ಮಾಡಿಸಿ, "ಏನೂ ಇಲ್ಲ, ಎಲ್ಲ ಮನಸ್ಸಿನದು" ಎಂದಿದ್ದರು.

ಈಗ ಬೇರೊಂದು ಆಸ್ಪತ್ರೆಯಲ್ಲಿ ಅವಳ ಬಲಸೊಂಟದ ಕೀಲೊಂದನ್ನೇ ನೋಡುತ್ತಿದ್ದರು. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಔಷಧಿಯನ್ನು ಸೂಜಿಯಿಂದ ಕೀಲಿನೊಳಕ್ಕೆ ಬಿಟ್ಟಾಗಿತ್ತು. ಯಂತ್ರ ನಡೆಸುವ ಲೊಟ್ಟಿ ಅವಳ ಪಾದಕ್ಕೆ ಪಟ್ಟಿ ಬಿಗಿದು, ಹಗ್ಗದ ತುದಿಗೆ ಮರಳಿನ ಚೀಲ ಇಳಿಬಿಟ್ಟಳು.

"ಇಲ್ಲೂ ಮರಳು ಬಿಡ್ಲಿಲ್ವಲ್ಲ ನನ್ನ!"

"ತೊಡೆಮೂಳೆಯ ಗುಂಡು ತುದಿ ಸೊಂಟದ ಬಟ್ಟಲಿಗೆ ಅಂಟ್ಕೊಂಡಿದ್ರೆ ಒಳಗಿನ ಬಿರುಕು ಕಾಣಲ್ಲ. ಒಂಚೂರು ಎಳೆದು ಬಿಡಿಸ್ಬೇಕು. ಅಲ್ಲಾಡ್ಬೇಡಿ."

"ಅಲ್ಲಾಡೋಕೆ ಆಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಯಂತ್ರ ಬಡಿಯಿತು, ಕೊರೆಯಿತು. ಸೆರೈನಾ ಹಲ್ಲು ಕಚ್ಚಿ ಮಲಗಿದ್ದಳು. ಈ ಸಲವೂ ಏನೂ ಕಾಣದಿದ್ದರೆ ತನ್ನ ಮಾತನ್ನು ಇನ್ನು ತಾನೂ ನಂಬುವಂತಿರಲಿಲ್ಲ.

ಯಂತ್ರ ನಿಂತ ಮೇಲೆ ಆ ಆಸ್ಪತ್ರೆಯ ಡಾಕ್ಟರ್ ಇಂಬೋಡೆನ್ ಪರದೆಯನ್ನು ಅವಳತ್ತ ತಿರುಗಿಸಿದರು. ಬಟ್ಟಲಿನ ಅಂಚಿನಡಿ ಔಷಧಿಯ ಬಿಳಿಯ ಗೆರೆಯೊಂದು ನುಗ್ಗಿತ್ತು. "ಅಂಚು ಹರಿದಿದೆ. ಪಕ್ಕದ ಮೆದುಮೂಳೇನೂ ಕಿತ್ತು ಬಂದಿದೆ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಆಗಿರೋದು."

"ಅಡಿಯಲ್ಲಿ ಗಾರೆ ಬಿಟ್ಟ ಟೈಲ್ಸ್ ಹಾಗೆ!" ಸೆರೈನಾ ಗಹಗಹಿಸಿ ನಕ್ಕಳು.

"ನಗೋ ಸುದ್ದಿ ಅಲ್ಲಮ್ಮ ಇದು."

"ಹುಚ್ಚಿ ಅನ್ನಿಸ್ಕೊಂಡಿದ್ದೆ ಡಾಕ್ಟ್ರೇ. ಇನ್ನೊಂದ್ಸಲ ತೋರ್ಸಿ."

ಹೊರಗಿನ ಬೆಂಚಿನಲ್ಲಿ ಅವಳ ಹಳೆಯ ಕಂಪನಿಯ ಮೇಸ್ತ್ರಿ ಕೋಬಿ ಕಾದಿದ್ದ. ಯಜಮಾನರೇ ಕಳಿಸಿದ್ದರು. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಗೆದ್ದೆ ಬಿಡು, ಮಾರಾಯ್ತಿ. ಇಲ್ಲಿ ಕೇಳು. ಆಪರೇಷನ್ ಖರ್ಚು ಯಜಮಾನ್ರದು, ಕೆಲಸಾನೂ ವಾಪಸ್, ಕುರ್ಚಿ ಮೇಲೆ ಕೂತು ಫೋನ್ ಎತ್ತೋದು. ಹಿಮದ ಮೇಲೆ ಸ್ಕೀ ಆಡ್ತಾ ಬಿದ್ದೆ ಅಂತ ಡಾಕ್ಟರಿಗೆ ಹೇಳಿ ಬಾ, ಅಷ್ಟೆ. ಕೆಲಸದಿಂದ ಆಗಿದ್ದು ಅಂದ್ರೆ ನಾಳೆ ಇನ್ನೂ ಹತ್ತು ಜನ ಸೊಂಟ ಹಿಡ್ಕೊಂಡು ಬರ್ತಾರೆ."

"ನಿನ್ನ ಸೊಂಟ ಹೇಗಿದೆ, ಕೋಬಿ?"

ಕೋಬಿ ಬೆಂಚಿನಲ್ಲಿ ಮಗ್ಗುಲು ಬದಲಿಸಿ ಕೂತ.

"ನಾನು ಸ್ಕೀ ಆಡೇ ಇಲ್ಲ, ಬಿದ್ದೂ ಇಲ್ಲ," ಎಂದಳು ಸೆರೈನಾ, ಪಡಸಾಲೆಯ ಆ ತುದಿಗೂ ಕೇಳುವಂತೆ. "ಆ ಸುಳ್ಳು ಹೇಳಲ್ಲ. ಹತ್ತಲ್ಲ, ನೂರು ಜನ ಬರ್ಲಿ."

ಆಚೆ ಬೆಂಚಿನಲ್ಲಿ ಸೊಂಟಕ್ಕೆ ಕೈಯೊತ್ತಿ ಕೂತಿದ್ದ, ಸುಣ್ಣ ಮೆತ್ತಿದ ಬೂಟುಗಳ ಒಬ್ಬಾತ ಮೆಲ್ಲಗೆ ತಲೆಯೆತ್ತಿದ.