ಕಳೆ ದೋಣಿ ನಾಲ್ಕು

"ಆ ಚಾನೆಲ್ ಬಿಡಲೇ, ಸೂಳೇಮಗನ! ಹದಿನಾರು ನಿಮ್ಮಪ್ಪಂದೇನ? ಕೇರಿಯಾಗ ನಿಂತು ಒದರಿದಂಗ ಒದರಾಕತ್ತಿ!"

ರೇಡಿಯೊದೊಳಗಿಂದ ಸೂಪರ್‌ವೈಸರ್ ಸೂರ್ಯಕಾಂತನ ದನಿ ಸಿಡಿಯಿತು. ಮೌನಪ್ಪನ ಒಂದು ಕೈಯಲ್ಲಿ ರೇಡಿಯೊ, ಇನ್ನೊಂದರಲ್ಲಿ ಜೊತೆಯಾಳು ಕಲ್ಲೇಶನ ಅಂಗಿಯ ಕಾಲರು. ಕಳೆ ಕೀಳುವಾಗ ಜಾರಿ ಬಿದ್ದ ಕಲ್ಲೇಶ ಕುತ್ತಿಗೆಯವರೆಗೆ ಕೆರೆಯ ನೀರಿನಲ್ಲಿದ್ದ. ಅಂತರಗಂಗೆ ಕಳೆಯ ಬೇರು ಅವನ ಎರಡೂ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಜಗ್ಗುತ್ತಿತ್ತು. ಮೇಲಕ್ಕೆ ಎಳೆದರೆ ದೋಣಿ ವಾಲಿ ನೀರು ಒಳಗೆ ಬರುತ್ತಿತ್ತು. ಬಿಟ್ಟರೆ ಕಲ್ಲೇಶ ಹೋದ. ಲೈಫ್ ಜಾಕೆಟ್ಟುಗಳೆಲ್ಲ ಪ್ರವಾಸಿಗರ ಬೋಟುಗಳಲ್ಲಿದ್ದವು.

ತಪ್ಪು ಮೌನಪ್ಪನದೂ ಇತ್ತು. ಮೊದಲ ಸಲ ಬಟನ್ ಒತ್ತಿದಾಗ, ಹುಟ್ಟಿದಾಗಿನಿಂದ ಬಂದ ರೂಢಿ ನೋಡಿ, "ತಪ್ಪಾತ್ರಿ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ಇಲ್ಲಿ ಸ್ವಲ್ಪ ತ್ರಾಸ ಆಗೇತ್ರಿ" ಎಂದಿದ್ದ. ಮುಳುಗುವಾಗಲೂ ಕ್ಷಮೆ ಕೇಳುವ ಜನ! ಕೇಳಿದವರೆಲ್ಲ ಎಂಜಿನ್ ಕೆಟ್ಟಿರಬೇಕೆಂದು ಸುಮ್ಮನಾದರು. ಎರಡನೆಯ ಸಲ 'ಮೇಡೇ' ಎಂದ, ಜೀವ ಉಳಿಸಿ ಎಂದು ದೋಣಿಯವರು ಕೂಗುವ ಕರೆ. ಅದಕ್ಕೇ ಈ ಬೈಗುಳ.

ಹದಿನಾರನೆಯ ಚಾನೆಲ್ ಜೀವಕ್ಕೆ ಕುತ್ತು ಬಂದಾಗ ಮಾತ್ರ ಎಂಬ ಬೋರ್ಡು ಜೆಟ್ಟಿಯ ಮೇಲೇ ಇತ್ತು. ಹೈದರಾಬಾದಿನ ಹೊರಗಿನ ಆ ಕೆರೆಯಲ್ಲಿ ಸೂರ್ಯಕಾಂತ ದಿನಾ ಅದೇ ಚಾನೆಲ್ಲಿನಲ್ಲಿ ಅತಿಥಿಗಳಿಗೆ ಮಿರ್ಚಿ ಭಜ್ಜಿ, ಐಸು ತರಿಸುತ್ತಿದ್ದ. ಅವನು ಅದೇ ಊರಿನ ಕಾಚಿಗೂಡದವನು. ಅತಿಥಿಗಳ ಹತ್ತಿರ ತೆಲುಗು, ಹಿಂದಿ. ಬೈಯುವಾಗ ಮಾತ್ರ ಕನ್ನಡ ನೆನಪಾಗುತ್ತಿತ್ತು. ಯಾದಗಿರಿ ಕಡೆಯಿಂದ ಬಂದ ಕಳೆ ಕೀಳುವವರಿಗೆ ರೇಡಿಯೊ ಕೊಟ್ಟದ್ದು ಎಷ್ಟು ಗುಡ್ಡೆ ಕಳೆ ತೆಗೆದರೆಂದು ಹೇಳಲಿಕ್ಕೆ. ಮೇಡೇ ಕಲಿಸಿದವಳು ಪ್ರವಾಸಿ ಬೋಟು ನಡೆಸುವ ಪ್ರೇಮಾ, ಒಟ್ಟಿಗೆ ರೊಟ್ಟಿ ತಿನ್ನುತ್ತಿದ್ದಾಗ. "ಮೂರು ಸಲ ಅನ್ನು, ಅಣ್ಣಾ. ದೋಣಿ ಹೆಸರು, ಜಾಗ, ಎಷ್ಟು ಮಂದಿ, ಏನಾಗೇತಿ. ಆಮ್ಯಾಲ ಬಟನ್ ಬಿಡು. ಬಿಡದಿದ್ರ ನಮ್ಮ ಮಾತು ನಿನಗ ಕೇಳಂಗಿಲ್ಲ."

"ರೆಸ್ಕ್ಯೂ ಬೋಟಿನ್ಯಾಗ ಕ್ಯಾಮೆರಾದವ್ರು ಅದಾರ," ಸೂರ್ಯಕಾಂತನ ದನಿ ಮತ್ತೆ ಬಂತು. "ಮದುವಿ ಶೂಟಿಂಗ್ ನಡದೈತಿ. ದೊಡ್ಡ ಮಂದಿ ಹೆದರ್ಯಾರ. ಸುಳ್ಳು ಕರೆ, ಕುಡದಿದ್ದೆ ಅಂತ ಇದ ಚಾನೆಲ್ಲಿನ್ಯಾಗ ಈಗಿಂದೀಗ ಹೇಳು. ಇಲ್ಲಂದ್ರ ನಾಳೆಯಿಂದ ಇತ್ಲಾಗ ಮುಖ ತೋರಿಸಬ್ಯಾಡ."

ಕಲ್ಲೇಶನ ಬಾಯಿಗೆ ನೀರು ನುಗ್ಗಿತು. ಕೆಮ್ಮಿದ. "ಕೈ ಬಿಡಬ್ಯಾಡೋ ಕಾಕಾ."

"ಹೇಳಲೇ! ಬಾಯಿ ಬಿದ್ದೈತೇನು?"

ಮೌನಪ್ಪ ಬಟನ್ ಒತ್ತಿದ. ಈ ಸಲ ಕ್ಷಮೆ ಕೇಳಲಿಲ್ಲ.

"ಮೇಡೇ, ಮೇಡೇ, ಮೇಡೇ. ಕಳೆ ದೋಣಿ ನಾಕು. ಹಳೇ ಪಂಪ್‌ಹೌಸ್ ಹಂತ್ಯಾಕ ಅದೀವಿ, ಇಬ್ರು. ಒಬ್ಬ ಮುಳಗಾಕತ್ತಾನ. ನಾ ಕುಡದಿಲ್ಲ, ಇದು ಸುಳ್ಳಲ್ಲ. ಸೂರ್ಯಕಾಂತ, ನಿನ್ನ ಭಜ್ಜಿ ಆಮ್ಯಾಲ ತರಸ್ಕೋ. ಈಗ ಚಾನೆಲ್ ಬಿಡು."

ಬಟನ್ ಬಿಟ್ಟ. ಕೊರ್ರೆನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಕಲ್ಲೇಶನ ಗದ್ದಕ್ಕೆ ನೀರು ಮುಟ್ಟಿತು.

"ಕಳೆ ನಾಕು, ಕೇಳಿಸ್ತು." ಪ್ರೇಮಾಳ ದನಿ. "ಮದುವಿ ಮಂದಿ ನನ್ನ ಬೋಟಿನ್ಯಾಗ ಅದಾರ. ಹಂಗ ತಿರುಗಿಸಾಕತ್ತೀನಿ, ಅಣ್ಣಾ."

ದೂರದಲ್ಲಿ ಹೂವಿನ ಅಲಂಕಾರದ ಬೋಟು ಮೂತಿ ತಿರುಗಿಸಿತು. ಸೂರ್ಯಕಾಂತ ಅರಚುತ್ತಲೇ ಇದ್ದ. ಮೌನಪ್ಪ ರೇಡಿಯೊವನ್ನು ಕಳೆಯ ಗುಡ್ಡೆಯ ಮೇಲೆ ಎಸೆದು ಎರಡೂ ಕೈಯಿಂದ ಕಾಲರು ಹಿಡಿದ. ಅಂಗಿ ಆಗಲೇ ಹೊಲಿಗೆಯ ಹತ್ತಿರ ಹರಿಯತೊಡಗಿತ್ತು.