ಹಿಂದಿನ ಎಡಗಡೆಯ ಬೋಲ್ಟು

ತುಕ್ಕಿನ ಪುಡಿ ಮತ್ತೆ ಕಣ್ಣಿಗೇ ಉದುರಿತು, ಉಫ್ ಅಂದರೆ ಬಾಯಿಗೂ ಬಂತು, ರಕ್ತದಂಥದೇ ರುಚಿ, ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿದ್ದ ಗಂಗರಾಜು ರೆಪ್ಪೆಯನ್ನು ತೋಳಿಗೆ ಒರೆಸಿಕೊಂಡ, ಕಣ್ಣು ಬಿಟ್ಟರೆ ಅದೇ, ತಳದ ತಗಡು ತೂರಿ ಇಣುಕುತ್ತಿರುವ ಬೋಲ್ಟಿನ ಮೂತಿ, ಸುತ್ತ ಸೀಮೆಎಣ್ಣೆ ಹನಿಹನಿಯಾಗಿ ನಿಂತಿದೆ, ಒಳಗೆ ಇಳಿದೇ ಇಲ್ಲ. ನಡುಸೀಟಿನ ಮಿಕ್ಕ ಬೋಲ್ಟುಗಳು ಕಿರುಗುಟ್ಟಿಕೊಂಡಾದರೂ ಬಂದವು, ಇದೊಂದು, ಹಿಂದಿನ ಎಡಗಡೆಯದು, ನಿನ್ನೆಯಿಂದ ಎಣ್ಣೆ ಕುಡಿದರೂ ಅಲುಗುವುದಿಲ್ಲ — ತುಕ್ಕು ಹಿಡಿಯದೆ ಇನ್ನೇನು, ಈ ಮೂಲೆಗೆ ಎಷ್ಟು ವರ್ಷ ಕಾಯಿನೀರು ಸೋರಿದೆ, ಹೊನ್ನವಳ್ಳಿಯಿಂದ ತಿಪಟೂರಿಗೆ ತೆಂಗಿನಕಾಯಿ ಹೇರಿಕೊಂಡು ಹೋದಾಗಲೆಲ್ಲ ಒಂದೆರಡು ಒಡೆದಿರುತ್ತಿದ್ದವು, ಒಂದ್ಸಲ ತೊಳೆಸ್ರೀ, ನಾತ ಹೊಡೀತೈತೆ, ಅಂತ ಹೆಂಡತಿ ಗೌರಿ ಎಷ್ಟು ಬಾರಿ ಅಂದಿದ್ದಳು, ಆಗ ಅವಳಿಗೆ ಮಾತಿತ್ತು.

ಈಗ ಅವಳು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಾಳೆ, ಇಲ್ಲಿಂದ ಸೀರೆಯ ಅಂಚು ಮಾತ್ರ ಕಾಣುತ್ತದೆ, ವಾಲದ ಹಾಗೆ ಅವಳ ಸೊಂಟವನ್ನು ಕುರ್ಚಿಗೆ ಟವೆಲಿನಿಂದ ಕಟ್ಟಿ ಬಂದಿದ್ದಾನೆ. ಹಾಲು ಕರೆಯುತ್ತಿದ್ದವಳು ಹಾಗೇ ಪಕ್ಕಕ್ಕೆ ಉರುಳಿದಳು, ಬಲಗೈ ಬಲಗಾಲು ಹೋದವು, ಮಾತೂ ಹೋಯಿತು, ಉಳಿದದ್ದು ಒಂದೇ ಒಂದು, ಬುಡು. ನೀರು ಬೇಕಾದರೂ ಬುಡು, ಸಾಕಾದರೂ ಬುಡು, ಮಗಳು ಚೈತ್ರ ಫೋನಿನಲ್ಲಿ ಅಮ್ಮಾ ಅಂದರೂ ಬುಡು, ಹೆಂಡತಿಯ ಮುಖ ನೋಡಿ ಇವನು ಊಹಿಸಬೇಕು, ಊಹಿಸಿದ್ದರಲ್ಲಿ ಅರ್ಧ ತಪ್ಪು. ಮೊದಲ ತಿಂಗಳುಗಳಲ್ಲಿ ಕೈಕಾಲಿಗೆ ಎಷ್ಟು ಶಕ್ತಿ ಬರುತ್ತೋ ಅಷ್ಟೇ ಕಣ್ರೀ, ತಪ್ಪಿಸಬೇಡಿ, ಅಂದಿದ್ದರು ತಿಪಟೂರಿನಲ್ಲಿ ವ್ಯಾಯಾಮ ಮಾಡಿಸುವ ಮೇಡಮ್ಮು, ತಪ್ಪಿಯೇ ಹೋಯಿತಲ್ಲ, ಹೋದ ಸಲ ಸೀಟಿಗೆ ಎತ್ತಿ ಕೂರಿಸುವಾಗ ಇವನ ಕೈಯಿಂದ ಜಾರಿ ಬಾಗಿಲ ಸಂದಿಗೆ ಕುಸಿದಳು, ಅಲ್ಲಿಂದ ಈಚೆಗೆ ಸೀಟಿನ ಹತ್ತಿರ ಒಯ್ದರೆ ಮೈ ಬಿಗಿಹಿಡಿದು ಕಿರುಚುತ್ತಾಳೆ, ಪಕ್ಕದ ತೋಟದ ಮಲ್ಲೇಶ್ ಬಂದು ಕೈಜೋಡಿಸಿದರೂ ಅಷ್ಟೇ — ಸೀಟು ತೆಗೆದುಬಿಟ್ಟರೆ ಹಾಸಿಗೆ ಹಾಸಿ ಮಲಗಿಸಿಕೊಂಡೇ ಹೋಗಬಹುದು, ಇವತ್ತೇ ಹೋಗಬಹುದು, ಇಷ್ಟೇ, ಒಂದು ಬೋಲ್ಟು.

ಬೆಂಕಿ ಮಾತ್ರ ತೋರಿಸ್ಬ್ಯಾಡ ಕಣಣ್ಣ, ಪೆಟ್ರೋಲ್ ಟ್ಯಾಂಕು ಅಲ್ಲೇ ಐತೆ, ಅಂದಿದ್ದ ಫೋನಿನಲ್ಲಿ ಬಿಳಿಗೆರೆಯ ಮೆಕ್ಯಾನಿಕ್ ಶಿವರಾಜು, ಸ್ಪ್ಯಾನರ್‌ಗೆ ಪೈಪ್ ತೊಡ್ಸಿ ಕಾಲಲ್ಲಿ ತುಳಿ, ಬರ್ದಿದ್ರೆ ಬುಡು, ನಾಳಿದ್ದು ನಾನೇ ಬತ್ತೀನಿ — ನಾಳಿದ್ದು, ಅವನಿಗೇನು, ನಾಳಿದ್ದು ಅಂದರೆ ಬರೀ ಒಂದು ದಿನ. ಗಂಗರಾಜು ತೆವಳಿ ಹೊರಬಂದ, ವ್ಯಾನು ಹತ್ತಿ ಬಗ್ಗಿ ನಿಂತ, ಸ್ಪ್ಯಾನರಿಗೆ ಪೈಪು ತೊಡಿಸಿ ಬಲಗಾಲು ಇಟ್ಟ, ಇಟ್ಟದ್ದೇ ನೆನಪಾಯಿತು, ಅಯ್ಯೋ, ಇದನ್ನು ಬಿಗಿದವಳು ಗೌರಿಯೇ. ಚೈತ್ರ ಸ್ಕೂಲಿಗೆ ಸೇರಿದ ವರ್ಷ, ಕಾಯಿ ಹೇರಲೆಂದು ತೆಗೆದಿಟ್ಟಿದ್ದ ಸೀಟನ್ನು ಮತ್ತೆ ಕೂರಿಸುವಾಗ, ಮಗು ಕೂರೋ ಸೀಟು ಕಣ್ರೀ, ಅಲ್ಲಾಡ್ಕೂಡ್ದು, ಅಂತ ಸೀರೆ ಎತ್ತಿಕಟ್ಟಿ ಸ್ಪ್ಯಾನರಿನ ಮೇಲೆ ಬಲಗಾಲು ಊರಿದಳು, ಬರಿಗಾಲು, ಒಡೆದ ಹಿಮ್ಮಡಿ, ಕೆಮ್ಮಣ್ಣು ಮೆತ್ತಿದ ಕಾಲುಂಗುರ, ಪೂರಾ ಮೈಭಾರ ಬಿಟ್ಟು ತುಳಿದಳು, ಸಾಕು ಬುಡೇ ಮುರ್ದೋಯ್ತದೆ ಅಂತ ಇವನು ನಕ್ಕ, ಇನ್ನೊಂಚೂರು ಅಂತ ಅವಳೂ ನಗುತ್ತ, ಮತ್ತೊಂದು ಸಲ, ಆ ಪಾದ — ಇವನು ಕಣ್ಣುಮುಚ್ಚಿ ತುಳಿದ, ಟಕ್ ಅಂತು, ಬಂತು ಅಂದುಕೊಂಡ, ಬಂದಿರಲಿಲ್ಲ, ಸ್ಪ್ಯಾನರು ಜಾರಿ ಮೊಣಕಾಲು ತಗಡಿಗೆ ಬಡಿಯಿತು, ಬೋಲ್ಟಿನ ತಲೆಯ ಮೂಲೆಗಳೆಲ್ಲ ಸವೆದು ಅಡಿಕೆಯ ಹಾಗೆ ಗುಂಡಗಾಗಿತ್ತು, ಇನ್ನು ಯಾವ ಸ್ಪ್ಯಾನರೂ ಕಚ್ಚುವುದಿಲ್ಲ.

ಬುಡು, ಅಂದಳು ಜಗಲಿಯಿಂದ. ಏನು ಬಿಡಲಿ, ಬೋಲ್ಟನ್ನೋ, ಆಸ್ಪತ್ರೆಯನ್ನೋ, ಅಲ್ಲಿಗೆ ಕರ್ಕೊಂಡೋಗಿ ಬುಡು ಅಂತಲೋ, ಏನೇ ಗೌರಿ, ಏನು ಹೇಳೇ, ಕುಂಟುತ್ತ ಬಂದು ಅವಳ ಮುಂದೆ ನೆಲಕ್ಕೆ ಕೂತ, ಅವಳು ಎಡಗೈ ಚಾಚಿ ಇವನ ಹುಬ್ಬಿನ ತುಕ್ಕು ಒರೆಸಿದಳು, ಬುಡು, ಬುಡು, ಇವನಿಗೆ ತಲೆಯೆತ್ತಲಾಗಲಿಲ್ಲ, ಕಣ್ಣೆದುರಿಗೆ ಬಲಪಾದ, ಒಡಕೆಲ್ಲ ಮಾಗಿ ನುಣ್ಣಗಾದ ಹಿಮ್ಮಡಿ, ತೊಳೆದಿಟ್ಟಂಥ ಕಾಲುಂಗುರ, ಹೆಬ್ಬೆರಳಿನ ಮೇಲೆ ಒಂದು ಕೆಂಜಿಗ ಇರುವೆ, ಕಚ್ಚಿ ಹಿಡಿದಿದೆ, ಬಾಲ ಮೇಲೆತ್ತಿ ಕಚ್ಚಿ ಹಿಡಿದಿದೆ, ಪಾದ ಹಾಗೆಯೇ ಇದೆ, ಅಲುಗುವುದಿಲ್ಲ, ಆ ಪಾದ, ಕೆಂಜಿಗ ಕಚ್ಚಿ ಹಿಡಿದಿದೆ, ಆ ಪಾದ —