ತವರಿನ ಹೆಸರು

ತುಳಸಿದಾಸನ ತಂಗಿ ಗಂಗೂಗೆ ಮದುವೆಯ ದಿನವೇ ಹೆಸರು ಬದಲಾಗಿತ್ತು. ಗಂಡನ ಮನೆಯವರು ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗನ ಕೈಯಿಂದ ಉಂಗುರದಲ್ಲಿ ‘ಸುಮಿತ್ರಾ’ ಎಂದು ಬರೆಸಿದ್ದರು. ಅದು ಅವರ ಮನೆಯ ಪದ್ಧತಿ. ಅಂದಿನಿಂದ ಗಂಡನ ಊರಾದ ಹಟ್ಟಿಕೇರಿಯಲ್ಲಿ ಅವಳು ಸುಮಿತ್ರಾ, ಆಧಾರ್ ಕಾರ್ಡಿನಲ್ಲೂ ಸುಮಿತ್ರಾ. ತುಳಸಿದಾಸನ ಬಾಯಿಗೆ ಮಾತ್ರ ಆ ಹೆಸರು ಹತ್ತಲೇ ಇಲ್ಲ. ತಾನು ಎತ್ತಿ ಆಡಿಸಿದ ಕೂಸನ್ನು, ಯಾರೋ ಅಕ್ಕಿಯಲ್ಲಿ ಗೀಚಿದರೆಂದು ಬೇರೆ ಹೆಸರಿನಿಂದ ಕರೆಯುವುದುಂಟೇ?

ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಕಾರವಾರದ ಆಸ್ಪತ್ರೆಗೆ ಓಡಾಡಿದವನು ಅವನೇ. ಅವಳ ಗಂಡ ಶಾಂತಾರಾಮ ಒಳ್ಳೆಯವನು, ಆದರೆ ಆಸ್ಪತ್ರೆಯ ಬಾಗಿಲಲ್ಲೇ ಕೈಕಾಲು ಬಿಡುವ ಆಸಾಮಿ. ಚೀಟಿ ಮಾಡಿಸುವಾಗ ರೋಗಿಯ ಹೆಸರು ಕೇಳಿದ್ದಕ್ಕೆ ತುಳಸಿದಾಸ ಗಂಗೂ ಎಂದ, ಹಿಂದೆಯೇ ಅಪ್ಪನ ಹೆಸರನ್ನೂ ಸೇರಿಸಿದ. ಅದರಿಂದ ಅಷ್ಟು ದಿನ ಯಾವ ತೊಂದರೆಯೂ ಆಗಿರಲಿಲ್ಲ.

ನೋವು ಯಾವ ಮಾತ್ರೆಗೂ ಬಗ್ಗದೆ ಹೋದಾಗ, ಒಂದು ಶುಕ್ರವಾರ, ಡಾಕ್ಟರು ಮಾರ್ಫಿನ್ ಬರೆದುಕೊಟ್ಟರು. ಔಷಧದ ಕಿಟಕಿಯಲ್ಲಿದ್ದ ನಾಗಶ್ರೀ ರೋಗಿಯ ಆಧಾರ್ ಕೇಳಿದಳು. ಚೀಟಿಯನ್ನೂ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇದು ಬೇರೆ ಯಾರದೋ ಅಲ್ಲವೇ ಎಂದಳು. ತುಳಸಿದಾಸ ಅಕ್ಕಿಯ ಕಥೆಯನ್ನೆಲ್ಲ ಹೇಳಿದ. ಅವಳು ತಾಳ್ಮೆಯಿಂದ ಕೇಳಿದಳು. ಪೊಟ್ಟಣದ ಮೇಲೆ ಕೆಂಪು ಗೆರೆಯಿರುವ ಮಾತ್ರೆಗಳಾದರೆ ಡಾಕ್ಟರ ಚೀಟಿ ಸಾಕು. ಅದಕ್ಕಿಂತ ಬಿಗಿ ನಿಯಮದ ಮಾತ್ರೆ ಕೊಟ್ಟರೆ ರೋಗಿಯ ಹೆಸರು ಬರೆದಿಡಬೇಕು. ಮಾರ್ಫಿನ್ ಅಮಲು ಪದಾರ್ಥದ ಕಾಯ್ದೆಗೆ ಸೇರಿದ್ದು, ಅದರ ಕಪಾಟಿಗೇ ಬೇರೆ ಬೀಗ, ಅದನ್ನು ಬರೆಯಲು ತರಬೇತಿಯಾದ ಡಾಕ್ಟರೇ ಬೇಕು, ಅಂಥವರು ಇಲ್ಲಿ ಒಬ್ಬರೇ ಎಂದು ಬಿಡಿಸಿ ಹೇಳಿದಳು.

“ನಂಗೆ ನಿಮ್ಮ ಮಾತಿನ ಮೇಲೆ ನಂಬ್ಕೆ ಅದೆ. ಆದ್ರೆ ಡಾಕ್ಟ್ರೇ ಹೆಸ್ರು ತಿದ್ದಿ ಸಹಿ ಹಾಕ್ಬೇಕು.”

ಡಾಕ್ಟರು ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಹತ್ತಿಯಾಗಿತ್ತು. ನಾಗಶ್ರೀ ತಾನೇ ಫೋನು ಹಚ್ಚಿದಳು. ಫೋನಿನಲ್ಲಿ ತಿದ್ದಲು ಬರುವುದಿಲ್ಲ, ಸೋಮವಾರ ಬಂದೊಡನೆ ಮಾಡಿಕೊಡುತ್ತೇನೆ ಎಂದರು ಅವರು. ರೋಗಿಯನ್ನೇ ಕರೆತಂದರೆ ಇಂಜೆಕ್ಷನ್ ಕೊಡಿಸಬಹುದು ಎಂದಳು ಇವಳು. ಮಗ್ಗುಲು ಬದಲಿಸಿದರೇ ಕಿರುಚುವವಳನ್ನು ಯಾವ ರಿಕ್ಷಾದಲ್ಲಿ ತರುವುದು? ತುಳಸಿದಾಸ ಬಾಯಿಗೆ ಬಂದಂತೆ ಬೈದ. ನಾಗಶ್ರೀಯ ಕಣ್ಣು ತುಂಬಿದ್ದು ಕಂಡ ಮೇಲೆ, ಬೈಯಬೇಕಾದದ್ದು ಗಂಗೂ ಎಂದ ತನ್ನ ನಾಲಿಗೆಯನ್ನೇ ಎಂದು ಅವನಿಗೆ ಹೊಳೆಯಿತು.

ಹಟ್ಟಿಕೇರಿಗೆ ಹೋಗಿ, ಔಷಧ ಬರಲು ಎರಡು ದಿನ ತಡ ಎಂದ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಶನಿವಾರ ಗಂಗೂ ಸೆರಗು ಕಚ್ಚಿಕೊಂಡು ಮಲಗಿದ್ದಳು. ರವಿವಾರ ಅದೂ ಸಾಲದಾಗಿ, ಕೂಗು ಪಕ್ಕದ ಮನೆಗೂ ಕೇಳಿತು. ಶಾಂತಾರಾಮ ಗೇರುಮರದ ಬುಡದಲ್ಲಿ ಕಿವಿ ಮುಚ್ಚಿ ಕುಳಿತ. ತುಳಸಿದಾಸ ಅವಳ ಕಾಲು ತಿಕ್ಕುತ್ತ ಎದ್ದು ಹೋಗದೆ ಕುಳಿತ. ಆ ಒಂದೊಂದು ಕೂಗೂ ತನ್ನ ಲೆಕ್ಕಕ್ಕೇ ಸೇರಿದ್ದೆಂದು ಅವನಿಗೆ ಗೊತ್ತಿತ್ತು.

ಸೋಮವಾರ ಡಾಕ್ಟರು ಮಾತಿನಂತೆ ಬಂದರು. ಗಂಗೂ ಎಂಬುದರ ಮೇಲೆ ಗೆರೆ ಎಳೆದು, ಸುಮಿತ್ರಾ ಎಂದು ಬರೆದು, ಪಕ್ಕಕ್ಕೆ ಸಹಿ ಹಾಕಿದರು. ಗೆರೆ ಸ್ವಲ್ಪ ತೆಳುವಾಗಿತ್ತು. ಯಾರಾದರೂ ಮತ್ತೆ ತಕರಾರು ತೆಗೆದಾರೆಂದು ಹೆದರಿ, ಇನ್ನೊಮ್ಮೆ ದಪ್ಪಗೆ ಹೊಡೆಯಿರಿ ಎಂದು ತುಳಸಿದಾಸನೇ ಕೇಳಿಕೊಂಡ.

ಮಾತ್ರೆ ನುಂಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಗಂಗೂನ ಮುಷ್ಟಿ ಸಡಿಲವಾಯಿತು. ಎರಡು ಚಮಚ ಗಂಜಿ ಕುಡಿದಳು. ಇಷ್ಟು ತಡ ಎಂತಕ್ಕಾಯಿತು ಎಂದು ಆಗ ಕೇಳಿದಳು. ಅವನು ಮುಚ್ಚಿಡಲಿಲ್ಲ. ಬೈಯಲಿ, ಹೊಡೆಯಲಿ ಎಂದು ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದ.

“ಅಷ್ಟು ಜನರ ಎದ್ರಿಗೆ ಗಂಗೂ ಅಂತೇ ಹೇಳಿದ್ಯಾ?” ಅವಳ ಒಣಗಿದ ತುಟಿಯಲ್ಲಿ ನಗು ಬಂತು. “ಹೆತ್ತ ಆಯಿ ಹೋದ್ಮೇಲೆ ನನ್ನ ಗಂಗೂ ಅಂತ ಕರಿಯೋನು ನೀ ಒಬ್ನೇ, ಅಣ್ಣ.”

ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದುಕೊಂಡ.

“ಚೀಟೀಲಿ ಈಗ ಅದು ಇಲ್ವಾ? ಹೊಡ್ದು ಹಾಕಿದ್ರಾ?”

ಅವನು ಹೌದೆಂದು ತಲೆಯಾಡಿಸಿದ. ದಪ್ಪಗೆ ಹೊಡೆಸಿದವನು ತಾನೇ ಎನ್ನುವುದನ್ನು ಹೇಳಲು ಬಾಯಿ ಬರಲಿಲ್ಲ.